ದಣಿವಾರಿಸಿಕೊಳ್ಳುತ್ತಿದ್ದ ನೆಲ

ಬಲು ಹಿಂದೆ, ದೊಡ್ಡದೊಂದು ಸರೋವರದ ಸುತ್ತ ಸರಸೀಪುರವೆಂಬ ರಾಜ್ಯವಿತ್ತು. ಅಲ್ಲಿಯ ಜನ ಒಂದು ವರ್ಷ ಬೆಳೆ ಕೊಟ್ಟ ಹೊಲವನ್ನು ಮರುವರ್ಷ ಬೀಳು ಬಿಡುತ್ತಿದ್ದರು. ನೆಲ ದಣಿವಾರಿಸಿಕೊಳ್ಳುತ್ತಿದೆ ಎಂದು ಅಲ್ಲಿ ಹುಲ್ಲುಕಡ್ಡಿಯನ್ನೂ ಕೀಳುತ್ತಿರಲಿಲ್ಲ.

ಒಮ್ಮೆ ಕಡಲಾಚೆಯಿಂದ ಬರ್ಗಾಸನೆಂಬ ಮಾಂತ್ರಿಕ ಹಡಗೇರಿ ಬಂದು ರಾಜನನ್ನು ಕಂಡ. "ಮಹಾಪ್ರಭು, ಒಡೆಯರಿಲ್ಲದ ನೆಲವನ್ನಷ್ಟೇ ದಯಪಾಲಿಸಿ. ಸಣ್ಣ ನಗರವೊಂದನ್ನು ಕಟ್ಟಿಕೊಳ್ಳುತ್ತೇನೆ" ಎಂದ. ಅಂಥ ನೆಲ ತನ್ನಲ್ಲಿ ಎಲ್ಲಿದೆ ಎಂದು ಒಳಗೇ ನಕ್ಕು ರಾಜ ಒಪ್ಪಿದ. ಯಾರನ್ನೂ ಕೇಳಲಿಲ್ಲ.

ಬರ್ಗಾಸ ನೇರವಾಗಿ ಬೀಳು ಹೊಲಗಳಿಗೆ ನಡೆದ. "ಬೆಳೆಯಿಲ್ಲ, ಆದ್ದರಿಂದ ಒಡೆಯನಿಲ್ಲ" ಎಂದು ಹಿಡಿ ಹುಲ್ಲು ಕಿತ್ತು ಗಾಳಿಗೆ ತೂರಿದ. ಹುಲ್ಲು ಕಿತ್ತ ಹೊಲವೆಲ್ಲ ಅವನದಾಯಿತು. ನೆಲ ತಮ್ಮದೆನ್ನದೆ ಅಲ್ಲಿ ನಿಂತು ನೋಡಿದವರು ಕಲ್ಲಾಗಿ ಅವನ ನಗರದ ಗೋಡೆ ಸೇರಿದರು. ನೂಲು ಹಿಡಿದಂಥ ಬೀದಿಗಳು ಮೂಡಿದವು. ಬೆಟ್ಟದ ಕಾಡು ತೊಲೆಯಾಯಿತು. ಸರೋವರ ಬತ್ತತೊಡಗಿತು. ಅವನ ಹಡಗಿನಿಂದಿಳಿದ ಕಬ್ಬಿಣದ ಹಲ್ಲಿನ ಕುರಿಗಳು ಪೈರು ಮೇಯ್ದವು.

ಕೇದಗೆ ಎಂಬ ಹುಡುಗಿಯ ತಮ್ಮ ಹೊನ್ನಿಗನೂ ಕಲ್ಲಾದ. ಸರೋವರದಲ್ಲಿ ಮೀನು ಹಿಡಿಯುತ್ತ ದೋಣಿಯಲ್ಲಿದ್ದ ಅವಳು ಉಳಿದಳು. ನೇರವಾಗಿ ಮಾಂತ್ರಿಕನ ಮುಂದೆ ನಿಂತಳು.

"ನನ್ನ ತಮ್ಮನನ್ನು ಬಿಡು."

"ಮೀನು ವಾಸನೆಯ ಹುಡುಗಿಗೆ ಎಷ್ಟು ಗತ್ತು!" ಎಂದು ಬರ್ಗಾಸ ನಕ್ಕ. "ನನ್ನ ಕುರಿಗಳನ್ನು ತಿರುಗಿಸು, ನೋಡೋಣ."

ಕೇದಗೆ ಮುಂದಾಳು ಟಗರಿನ ಗಂಟೆ ಬಿಚ್ಚಿ, ಬಾರಿಸುತ್ತ ಹಡಗಿನತ್ತ ನಡೆದಳು. ಕುರಿಗಳೆಲ್ಲ ಗಂಟೆಯ ಹಿಂದೆ ಹಡಗೇರಿದವು.

"ಅದು ಸುಲಭದ್ದು" ಎಂದ ಬರ್ಗಾಸ. "ಸರೋವರದ ನೀರನ್ನು ತಿರುಗಿಸು."

ಬೆಟ್ಟದ ಬಿಲದಲ್ಲಿ ಹಾವೊಂದು ಸರೋವರವನ್ನು ಹೀರಿ ಆಚೆ ಕಡಲಿಗೆ ಉಗುಳುತ್ತಿತ್ತು. "ಯಾಕಪ್ಪಾ ಕುಡಿಯುತ್ತೀ?" ಎಂದು ಕೇದಗೆ ಕೇಳಿದಳು.

"ನನಗೆಲ್ಲಿಯ ಬಾಯಾರಿಕೆ, ತಾಯಿ? ಅವನು ನನ್ನ ಬಾಲಕ್ಕೆ ಮೊಳೆ ಹೊಡೆದಿದ್ದಾನೆ."

ಅವಳು ಮೊಳೆ ಕಿತ್ತಳು. ಹಾವು ಸರಿದುಹೋಯಿತು, ಬಿಲ ಮುಚ್ಚಿತು, ನೀರು ಸರೋವರದಲ್ಲೇ ನಿಂತಿತು.

ಬರ್ಗಾಸ ಈಗ ನಗಲಿಲ್ಲ. ಅವಳನ್ನು ಗಂಗವ್ವೆ ಎಂಬ ಮುದುಕಿಯ ಹೊಲಕ್ಕೆ ಕರೆದೊಯ್ದ. ಇದು ನನ್ನದೆಂದು ಅವಳು ಅಲ್ಲಿಂದ ಕದಲದಿದ್ದರಿಂದ, ಅವನ ಕೈಗೆ ಸಿಗದ ಬೀಳು ಅದೊಂದೇ.

"ಕೊನೆಯದು. ಇಲ್ಲಿ ಹಿಡಿ ಹುಲ್ಲು ಕೀಳು. ಹೊಲ ನಿನ್ನದು, ತಮ್ಮನೂ ಹೊರಗೆ ಬರುತ್ತಾನೆ."

ಗಂಗವ್ವೆ ಅವಳ ತೋಳು ಹಿಡಿದಳು. "ಕೀಳು ಮಗಳೇ. ನಾನು ಇನ್ನೆಷ್ಟು ದಿನ ಇದ್ದೇನು? ಹುಡುಗ ಬದುಕಲಿ."

ಕೇದಗೆ ಬಗ್ಗಿದಳು. ಕೈ ಹುಲ್ಲಿಗೆ ತಾಗಿತು. ಗೋಡೆಯಲ್ಲಿದ್ದ ತಮ್ಮನ ಮುಖ ಕಣ್ಣಿಗೆ ಕಟ್ಟಿತು. ಆದರೂ ಬರಿಗೈಯಲ್ಲಿ ಎದ್ದಳು.

"ಆಗದು, ಅಜ್ಜಿ. ಕಿತ್ತರೆ, ಇದಕ್ಕೆ ಒಡೆಯರಿಲ್ಲವೆಂದು ನಾನೇ ಹೇಳಿದಂತೆ. ಆಮೇಲೆ ನಾನೂ ಇವನೇ."

"ಹಾಗಾದರೆ ನಾನೇ ಕೀಳುತ್ತೇನೆ. ಒಡೆಯನಿಲ್ಲದ ನೆಲ!" ಎಂದು ಬರ್ಗಾಸ ಹುಲ್ಲಿಗೆ ಕೈ ಹಾಕಿದ. ಆದರೆ ಒಡತಿ ಅವನೆದುರೇ ನಿಂತಿದ್ದಳು, ಕಾಯುವವಳೂ ನಿಂತಿದ್ದಳು. ಅವನ ಮಂತ್ರ ಸುಳ್ಳಾಯಿತು. ಹುಲ್ಲು ಬರಲಿಲ್ಲ. ಎಳೆದಂತೆಲ್ಲ ಅವನ ತೋಳು, ಎದೆ, ತಲೆ ಮಣ್ಣಾಗಿ ಉದುರಿದವು.

ನಗರದ ಗೋಡೆ ಬಿರಿಯಿತು. ಜನ ಒಬ್ಬರ ಕೈ ಒಬ್ಬರು ಹಿಡಿದು ಹೊರಗೆ ಬಂದರು.

"ಅಕ್ಕಾ, ಹಸಿವು" ಎಂದ ಹೊನ್ನಿಗ.

ರಾಜ ಸಿಂಹಾಸನದಿಂದಿಳಿದು ಬಂದು, ಯಾರನ್ನೂ ಕೇಳದೆ ನೆಲ ಕೊಟ್ಟದ್ದಕ್ಕೆ ಎಲ್ಲರ ಎದುರು ಗಂಗವ್ವೆಯ ಕ್ಷಮೆ ಕೇಳಿದ. ಕಾಡು ಮತ್ತೆ ಬೆಳೆಯಲು ಬಹಳ ಕಾಲ ಹಿಡಿಯಿತು. ಅಷ್ಟೂ ಕಾಲ ಸರಸೀಪುರದವರು ಸುಖವಾಗಿ, ಒಬ್ಬರನ್ನೊಬ್ಬರು ಕೇಳಿ ಬಾಳಿದರು.