ಧನ್ಯಾಳ ಕರಿ ಪೆನ್ನು

"ನಾನು ಕದ್ದಿಲ್ಲ ಅಂತ ನೀವಾದ್ರೂ ನಂಬಿ, ವಿಮಲಮ್ಮ. ಸಂಜೆಯೊಳಗೆ ಪೆನ್ನು ಸಿಗ್ದಿದ್ರೆ ನನ್ನ ಕೆಲ್ಸ ಹೋಯ್ತು."

ಬೆಳಗಿನ ಮೊದಲ ಬಸ್ಸಿಗೆ ಸಂಸೆಗೆ ಬಂದಿದ್ದ ಅರ್ಚನಾ ಅಷ್ಟು ಹೇಳಿ ಜಗಲಿಯ ಕಂಬ ಹಿಡಿದುಕೊಂಡಳು. ವಿಮಲಮ್ಮ ಅವಳನ್ನು ಕೂರಿಸಿದಳು. ನನ್ನ ಈ ಗೆಳತಿ ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಾಫಿಯ ರುಚಿ, ವಾಸನೆ ನೋಡುವ ಕೆಲಸ ಮಾಡಿ ನಿವೃತ್ತಳಾದವಳು. ಸುತ್ತಿನ ಊರುಗಳವರು ತಮ್ಮ ಗೋಜಲುಗಳನ್ನು ಅವಳ ಹತ್ತಿರ ತರುತ್ತಿದ್ದರು. ಅವಳು ಹೋದಲ್ಲೆಲ್ಲ ನಾನೂ ಹೋಗುತ್ತಿದ್ದೆ.

ಅರ್ಚನಾ ಹೇಳಿದ್ದು ಇಷ್ಟು. ಕಳಸದ ಗುರುವಯ್ಯನವರು ಕುದುರೆಮುಖದ ಗಣಿ ಕಂಪನಿಯಲ್ಲಿ ನಕ್ಷೆ ಬರೆಯುತ್ತಿದ್ದವರು. ಗಣಿ ನಿಂತ ಮೇಲೆ ಗುಜರಿಯಿಂದ ಅಗ್ಗದ ಹಳೆಯ ಶಾಯಿ ಪೆನ್ನುಗಳನ್ನು ತಂದು, ರಿಪೇರಿ ಮಾಡಿ, ಅವುಗಳಲ್ಲೇ ಗುಡ್ಡಗಳ ಚಿತ್ರ ಬರೆಯುತ್ತಿದ್ದರು. ಮಗಳು ಧನ್ಯಾ ಪಕ್ಕದಲ್ಲಿ ಕೂತು ಬರೆಯುತ್ತಿದ್ದಳು. ಹೋದ ವರ್ಷ ಅವಳು ಜ್ವರದಲ್ಲಿ ತೀರಿಕೊಂಡಳು. ಅಂದಿನಿಂದ ಅವರು ಒಂದು ಗೆರೆಯನ್ನೂ ಎಳೆದಿರಲಿಲ್ಲ. ಅವಳ ಕರಿ ಪೆನ್ನನ್ನು, ಒಳಗೆ ಒಣಗಿದ ಶಾಯಿಯ ಸಮೇತ, ಕಿಟಕಿಯ ಕಟ್ಟೆಯ ಮೇಲೆ ನಿಲ್ಲಿಸಿಟ್ಟಿದ್ದರು. ಯಾರೂ ಮುಟ್ಟುವಂತಿರಲಿಲ್ಲ. ಧನ್ಯಾಳ ಗೆಳತಿ ಅರ್ಚನಾ ಆಗಾಗ ಹೋಗಿ ಅವರಿಂದ ಪೆನ್ನು ರಿಪೇರಿ ಕಲಿಯುತ್ತಿದ್ದಳು. ನಿನ್ನೆ ಬೆಳಿಗ್ಗೆ ಆ ಪೆನ್ನು ಮಾಯವಾಗಿತ್ತು.

"ಅವರ ತಮ್ಮನ ಮಗ ಸುರೇಂದ್ರ ನನ್ನ ಚೀಲ ಮಗುಚಿ ನೋಡ್ದ. ಶಾಲೆ ಕಮಿಟೀಲಿ ಅವ್ನೂ ಇದ್ದಾನೆ. ಆಗ್ಲೇ ಸೆಕ್ರೆಟರಿಗೆ ಹೇಳಿದ್ದಾನೆ, ಸಂಜೆ ತನಕ ಕಾಯ್ತಾರಂತೆ. ನಾಳೆ ನಾನು ಅಲ್ಲಿ ಡ್ರಾಯಿಂಗ್ ಟೀಚರಾಗಿ ಸೇರ್ಬೇಕು. ಕಳ್ಳಿ ಅಂತ ಒಂದ್ಸಲ ಅನ್ನಿಸ್ಕೊಂಡ್ರೆ ಈ ಸೀಮೇಲಿ ಯಾವ ಶಾಲೆ ಸೇರಿಸ್ಕೊಳ್ಳತ್ತೆ?"

"ಏಳು ಮಾರಾಯ್ತಿ," ಎಂದು ವಿಮಲಮ್ಮ ನನ್ನನ್ನು ಎಬ್ಬಿಸಿದಳು. ಮೂವರೂ ಜೀಪು ಹತ್ತಿದೆವು.

ಗುರುವಯ್ಯನವರ ಮನೆ ಕಳಸ ಪೇಟೆಯ ಒಂದು ಬಟ್ಟೆ ಅಂಗಡಿಯ ಮೇಲಿತ್ತು. ಪೂರ್ವಕ್ಕೆ ದೊಡ್ಡ ಕಿಟಕಿ. ಬಿಸಿಲು ನೇರವಾಗಿ ಅದರ ಕಟ್ಟೆಯ ಮೇಲೆ ಬೀಳುತ್ತಿತ್ತು. ಮೇಜಿನ ಮೇಲೆ ಒಂದು ತಟ್ಟೆಯ ತುಂಬ ರಿಪೇರಿಗೆ ಕಾದಿದ್ದ ಪೆನ್ನುಗಳು: ಕೆಂಪು, ಹಸಿರು, ಕಂದು, ಮುಚ್ಚಳ ಸೀಳಿದವು, ನಿಬ್ಬಿಲ್ಲದವು.

ಗುರುವಯ್ಯನವರು ಅರ್ಚನಾಳ ಕಡೆ ನೋಡಲಿಲ್ಲ. "ಎಬೊನೈಟಿನ ಪೆನ್ನು, ಕಾಗೆ ಹಾಗೆ ಕಪ್ಪು. ಧನ್ಯಾ ಎಡಚಿ. ಅವಳ ಕೈಗೆ ಅಂತ ನಾನೇ ನಿಬ್ಬು ಓರೆಯಾಗಿ ಉಜ್ಜಿದ್ದೆ. ಅದರೊಳಗಿದ್ದದ್ದು ಅವಳು ತುಂಬಿದ ಶಾಯಿ, ವಿಮಲಮ್ಮ. ಮನೆಯಲ್ಲಿ ಕಪ್ಪು ಅಂತ ಕಂಡದ್ದನ್ನೆಲ್ಲ ಹುಡುಕಿ ಆಯ್ತು."

"ಸಿಗೋದೆಲ್ಲಿಂದ ದೊಡ್ಡಪ್ಪ?" ಸುರೇಂದ್ರ ಬಾಗಿಲಲ್ಲಿ ನಿಂತು ನಕ್ಕ. "ಪೆನ್ನಿನ ಬೆಲೆ ಗೊತ್ತಿರೋರು ಈ ಮನೆಗೆ ಇನ್ಯಾರು ಬರ್ತಾರೆ? ಪತ್ತೇದಾರಿಣಿಯರನ್ನ ಬೇರೆ ಕರ್ಕೊಂಡು ಬಂದಿದ್ದಾಳೆ!"

"ಕೂತ್ಕೊಳಪ್ಪ, ನಿಂತು ಕಾಲು ನೋಯ್ಸ್ಕೋಬೇಡ," ಎಂದಳು ವಿಮಲಮ್ಮ.

ಗುರುವಯ್ಯನವರ ಹೆಂಡತಿ ಅಣ್ಣಮ್ಮ ಅಗಲ ಬಾಯಿಯ ಫ್ಲಾಸ್ಕಿನಿಂದ ಲೋಟಗಳಿಗೆ ಕಾಫಿ ಬಗ್ಗಿಸಿದರು. ಅರ್ಚನಾಳ ಲೋಟಕ್ಕೆ ಮಾತ್ರ ಯಾರನ್ನೂ ಕೇಳದೆ ಮತ್ತೆರಡು ಚಮಚ ಸಕ್ಕರೆ ಹಾಕಿ, ಕದಡಿ, ತಲೆ ಎತ್ತದೆ ಅವಳ ಮುಂದಿಟ್ಟರು. ವಿಮಲಮ್ಮ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು. ನಾನು ನನ್ನದನ್ನು ಎತ್ತುವಷ್ಟರಲ್ಲಿ ನನ್ನ ಮಣಿಕಟ್ಟು ಹಿಡಿದಳು.

ಆಮೇಲೆ ಅವಳು ಕೇಳಿದ್ದು ಒಂದೇ ಪ್ರಶ್ನೆ. "ಗುರುವಯ್ನೋರೆ, ತಟ್ಟೇಲಿರೋ ಈ ಕಂದು ಪೆನ್ನು ಯಾವಾಗ ಬಂತು?"

"ಗುಜರಿ ಲಿಂಗಪ್ಪ ಈ ವಾರ ಒಂದು ಗಂಟು ತಂದುಹಾಕಿದ್ದ. ಅದ್ರಲ್ಲಿ ಬಂದಿರ್ಬೇಕು. ಇನ್ನೂ ನೋಡಿಲ್ಲ."

"ಈಗ ನೋಡಣ. ಎಲ್ರೂ ಹತ್ರ ಬನ್ನಿ."

ಮೇಜಿನ ಸುತ್ತ ನಿಂತೆವು. ವಿಮಲಮ್ಮ ಆ ಪೆನ್ನಿನ ಕ್ಲಿಪ್ಪನ್ನು ಉಗುರಿನಿಂದ ಸ್ವಲ್ಪ ಎತ್ತಿದಳು. ಅದರ ಅಡಿಯಲ್ಲಿ ಒಂದು ಸಣ್ಣ ಪಟ್ಟಿ ಕಾಡಿಗೆಯಷ್ಟು ಕಪ್ಪಾಗಿತ್ತು.

"ಕಾಫೀಲಿ ನನಗೆ ಗಂಧಕದ ವಾಸನೆ ಬಂತು. ಗಂಧಕ ಬೆರೆಸಿ ಗಟ್ಟಿ ಮಾಡಿದ ರಬ್ಬರೇ ಎಬೊನೈಟು. ವರ್ಷವಿಡೀ ಬಿಸಿಲಲ್ಲಿದ್ದ ಎಬೊನೈಟನ್ನ ಬಿಸಿನೀರಲ್ಲಿ ನೆನೆಸಿದ್ರೆ ಕಪ್ಪು ಹೋಗಿ ಕಂದಾಗುತ್ತೆ, ಗಂಧಕದ ವಾಸನೆ ಬಿಡುತ್ತೆ. ನೀರು ಇಡೀ ರಾತ್ರಿ ಬಿಸಿಯಾಗಿರ್ಬೇಕಾದ್ರೆ ಯಾವುದ್ರಲ್ಲಿ ಹಾಕ್ತೀವಿ? ಫ್ಲಾಸ್ಕಲ್ಲಿ. ಅದನ್ನ ಎಷ್ಟು ತೊಳೆದ್ರೂ ಆ ವಾಸನೆ ಮುಚ್ಚಳದ ರಬ್ಬರಲ್ಲಿ ಉಳೀತು."

ಅವಳು ನಿಬ್ಬನ್ನು ಶಾಯಿಯಲ್ಲಿ ಅದ್ದಿ ಬಲಗೈಯಲ್ಲಿ ಗೆರೆ ಎಳೆದಳು. ನಿಬ್ಬು ಕಾಗದ ಪರಚಿತು. ಎಡಗೈಗೆ ಬದಲಿಸಿದಳು. ಗೆರೆ ನೀರಿನಂತೆ ಹರಿಯಿತು. ಗುರುವಯ್ಯನವರು ಮೇಜಿನ ಅಂಚು ಹಿಡಿದರು.

"ಪೆನ್ನು ಈ ಮನೆಯಿಂದ ಆಚೆ ಹೋಗೇ ಇಲ್ಲ. ಎಲ್ರೂ ಹುಡುಕಿದ್ದು ಕಪ್ಪು ಬಣ್ಣನ. ಇನ್ನು, ನೆನೆಸಿದ್ದು ಯಾರು? ಅರ್ಚನಾ ಅಲ್ಲ. ರಿಪೇರಿ ಕಲ್ತೋಳು ಎಬೊನೈಟನ್ನ ಬಿಸಿನೀರಿಗೆ ಹಾಕಲ್ಲ. ಸುರೇಂದ್ರಂಗೆ ಅಡಿಗೆಮನೆ ಫ್ಲಾಸ್ಕು ರಾತ್ರಿಯಿಡೀ ಸಿಗೋದಿಲ್ಲ. ಕದ್ದಿದ್ರೆ ತಟ್ಟೇಲಿ ತಂದಿಡೋ ಅಗತ್ಯಾನೂ ಇಲ್ಲ." ವಿಮಲಮ್ಮನ ದನಿ ಮೆತ್ತಗಾಯಿತು. "ಮತ್ತೆ ಆ ಸಕ್ಕರೆ. ಕಳ್ಳಿ ಅಂತ ನಂಬಿದ ಹುಡುಗಿಗೆ ಅವಳಿಗೆ ಬೇಕಾದಷ್ಟು ಸಿಹಿ ಹಾಕಿ ಕಾಫಿ ಕೊಡ್ತಾರಾ? ಅವಳು ಕದ್ದಿಲ್ಲ ಅಂತ ಈ ಮನೇಲಿ ಒಬ್ರಿಗೆ ಗೊತ್ತಿತ್ತು. ಅಲ್ವಾ ಅಣ್ಣಮ್ಮ?"

ಅಣ್ಣಮ್ಮ ಅಲ್ಲೇ ನೆಲದ ಮೇಲೆ ಕೂತರು.

"ಪೆನ್ನು ಚೊಕ್ಕ ಆದ್ರೆ ಇವ್ರು ಮತ್ತೆ ಬರೀತಾರೆ ಅನ್ಕೊಂಡೆ. ದಿನಾ ಅದನ್ನೇ ನೋಡ್ತಾ ಕೂರ್ತಿದ್ರು, ಊಟಕ್ಕೂ ಏಳ್ತಿರ್ಲಿಲ್ಲ. ನನಗಿನ್ನೊಂದು ಸಾವು ನೋಡೋ ಶಕ್ತಿ ಇರ್ಲಿಲ್ಲ. ಬೆಳಿಗ್ಗೆ ತೆಗೆದು ನೋಡಿದ್ರೆ ಬಣ್ಣಾನೇ ಸತ್ತೋಗಿತ್ತು. ಹೆದ್ರಿ ತಟ್ಟೇಲಿ ಹಾಕ್ದೆ. ಆಮೇಲೆ ಇವ್ನು ಅವಳ ಚೀಲ ಮಗುಚ್ದ. ಬಾಯಿ ತೆರೆದೆ, ಮಾತೇ ಹೊರಡ್ಲಿಲ್ಲ."

"ಶಾಯಿ?" ಎಂದರು ಗುರುವಯ್ಯನವರು.

"ಬಚ್ಚಲಿಗೆ ಚೆಲ್ದೆ."

ಗುರುವಯ್ಯನವರು ಪೆನ್ನನ್ನು ತೆಗೆದುಕೊಳ್ಳಲಿಲ್ಲ. ಕಿಟಕಿಯ ಕಡೆ ತಿರುಗಿ ಕೂತುಬಿಟ್ಟರು. ಅವರ ಭುಜ ಅಲುಗುತ್ತಿತ್ತು.

ಸುರೇಂದ್ರ ಜೇಬಿನಿಂದ ಫೋನ್ ತೆಗೆದು ನಂಬರ್ ಒತ್ತಿದ. "ನಾನೇ ಸೆಕ್ರೆಟರಿಗೆ ಹೇಳ್ತೀನಿ. ಏನೋ ತಪ್ಪು ತಿಳುವಳಿಕೆ ಆಯ್ತು ಅಂತ..."

"ಕೊಡಿಲ್ಲಿ," ಎಂದು ಅಣ್ಣಮ್ಮ ಎದ್ದು ಫೋನನ್ನು ಅವನ ಕೈಯಿಂದ ತೆಗೆದುಕೊಂಡರು. "ಸಾರ್, ನಾನು ಧನ್ಯಾಳ ಅಮ್ಮ. ಪೆನ್ನು ಹಾಳು ಮಾಡಿದ್ದು ನಾನು. ಹುಡುಗಿ ಮೇಲೆ ಸುಳ್ಳು ಅಪವಾದ ಬಂತು, ನಾನು ನೋಡ್ತಾ ಸುಮ್ನಿದ್ದೆ. ಕಮಿಟಿಯೋರಿಗೆಲ್ಲ ಹೀಗೇ ಹೇಳಿ. ನನ್ನ ಹೆಸ್ರು ಹೇಳಿ." ಆ ಕಡೆಯ ಮಾತು ಕೇಳಿಸಿಕೊಂಡು ಅರ್ಚನಾಳ ಕಡೆ ತಿರುಗಿದರು. "ನಾಳೆ ಪ್ರಾರ್ಥನೆಗೆ ಮುಂಚೆ ಬರ್ಬೇಕಂತೆ, ಮಗ."

ಅರ್ಚನಾ ಕಣ್ಣೊರೆಸಿಕೊಂಡು ಚೀಲ ಹೆಗಲಿಗೇರಿಸಿದಳು. ಬಾಗಿಲ ಹತ್ತಿರ ನಿಂತು, "ಹೋಗ್ತೀನಿ," ಎಂದಳು.

ನಮ್ಮ ಕಡೆ ಯಾವ ಮನೆಯಿಂದ ಹೊರಡುವವರೂ ಆ ಮಾತನ್ನು ಆಡುವುದಿಲ್ಲ. ಕಿಟಕಿಯ ಕಡೆ ಮುಖ ಮಾಡಿದ್ದ ಗುರುವಯ್ಯನವರೂ ಹಿಂತಿರುಗಿ ನೋಡಿದರು.

"ಹಾಗನ್ಬೇಡ," ಅಣ್ಣಮ್ಮ ಅವಳ ಕೈ ಹಿಡಿದುಕೊಂಡರು. "ಬರ್ತೀನಿ ಅನ್ನು. ಬರ್ದೇ ಇದ್ರೂ ಪರ್ವಾಗಿಲ್ಲ. ಒಂದ್ಸಲ ಅನ್ನು."

ಅರ್ಚನಾ ಕೈಯನ್ನು ಕೊಡವಲಿಲ್ಲ. ಅಣ್ಣಮ್ಮನ ಬೆರಳುಗಳನ್ನು ಒಂದೊಂದಾಗಿ, ನೋಯದ ಹಾಗೆ ಬಿಡಿಸಿ, ಮೆಟ್ಟಿಲಿಳಿದು ಹೋದಳು.