ಒಂದೇ ಕಲ್ಲಿನ ಕಪ್ಪೆ

"ಐದು ಮೆಟ್ಟಿಲು ಕೆಳಗೆ!"

ಬಾಗಿಲ ಗಂಟೆ ಟಿಂಗ್-ಟಾಂಗ್ ಎಂದದ್ದೇ ತಡ, ಟಣಟಣಿ ಒಳಗಿಂದ ಕೂಗಿದಳು. ಕೂಗಿದಳೇ ಹೊರತು ಬಾಗಿಲು ತೆರೆಯಲಿಲ್ಲ.

"ಮೆಟ್ಟಿಲು ಆಮೇಲೆ ಎಣಿಸ್ಕೋ, ಮೊದಲು ಚಿಲಕ ತೆಗಿ!" ಹೊಲಿಗೆ ಯಂತ್ರದ ಹಿಂದಿನಿಂದ ಅಮ್ಮ ಗದರಿದಳು.

ಮನೆಯ ಮುಂದಿನ ಕೋಣೆಯೇ ಅಮ್ಮನ ಟೈಲರ್ ಅಂಗಡಿ. ಬಟ್ಟೆ ಕೊಡುವವರು, ಒಯ್ಯುವವರು ದಿನಕ್ಕೆ ಹತ್ತು ಸಲ ಗಂಟೆ ಒತ್ತುತ್ತಿದ್ದರು. ಹತ್ತು ಸಲವೂ ಟಣಟಣಿ "ಐದು ಮೆಟ್ಟಿಲು" ಎನ್ನುತ್ತಿದ್ದಳು. ಸರಿಯೋ ತಪ್ಪೋ ಹೇಳುವವರು ಯಾರಿದ್ದರು?

ಅವಳಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಕೈಗೆ ಚಮಚ ಸಿಕ್ಕರೆ ಲೋಟ, ತಟ್ಟೆ, ಬಕೆಟ್ಟು, ಕಿಟಕಿಯ ಸರಳು ಯಾವುದನ್ನೂ ಬಿಡುತ್ತಿರಲಿಲ್ಲ. ಎಲ್ಲವೂ ಟಣ್ ಎನ್ನಬೇಕು. ಒಂದು ಸಲ ಅಪ್ಪನ ಬೋಳುತಲೆಯ ಮೇಲೂ ಮೆಲ್ಲಗೆ ತಟ್ಟಿ ನೋಡಿದ್ದಳು. ಅದು ಟಣ್ ಎನ್ನಲಿಲ್ಲ, "ಏಯ್!" ಎಂದಿತು.

ಈಗ ಮೆಟ್ಟಿಲು ಎಣಿಸುವ ಹುಚ್ಚು ಹತ್ತಿಸಿದ್ದು ಅಮ್ಮನ ಮೊಬೈಲಿನಲ್ಲಿದ್ದ ಒಂದು ಕಪ್ಪೆ.

ಅದೊಂದು ಸಂಗೀತದ ಆ್ಯಪ್. ಪರದೆಯ ಮೇಲೆ ಒಂದು ಕೊಳ, ಕೊಳದಲ್ಲಿ ಮೆಟ್ಟಿಲಿನ ಹಾಗೆ ಜೋಡಿಸಿದ ಕಲ್ಲುಗಳು. ಕೆಳಗಿನ ಕಲ್ಲಿನ ಮೇಲೆ ಕೂತ ಕಪ್ಪೆ ಒಂದು ಸ್ವರ ಹಾಡುತ್ತದೆ. ಆಮೇಲೆ ಪರದೆ ಕಪ್ಪಾಗುತ್ತದೆ. ಕಪ್ಪೆ ಮೇಲಿನ ಯಾವುದೋ ಕಲ್ಲಿಗೆ ಹಾರಿ ಇನ್ನೊಂದು ಸ್ವರ ಹಾಡುತ್ತದೆ. ಎಷ್ಟು ಮೆಟ್ಟಿಲು ಹಾರಿತು ಅಂತ ಕೇಳಿಯೇ ಹೇಳಬೇಕು. ಸರಿಯಾದರೆ ಕಪ್ಪೆಗೆ ಕಿರೀಟ. ತಪ್ಪಾದರೆ ಬುಳುಂಕ್! ನೀರಿಗೆ.

ಟಣಟಣಿಯ ಕಪ್ಪೆ ನೀರು ಕಂಡು ಇಪ್ಪತ್ತೈದು ದಿನವಾಗಿತ್ತು. ದಿನವೂ ನೂರಕ್ಕೆ ನೂರು.

"ಎರಡನೇ ಲೆವೆಲ್‌ಗೆ ಯಾಕೆ ಹೋಗಲ್ಲ ನೀನು?" ಎಂದು ತಮ್ಮ ಕೇಳಿದ್ದ. ಅವನನ್ನು ಎಲ್ಲರೂ ಬಟನ್ ಎಂದೇ ಕರೆಯುತ್ತಿದ್ದರು. ಎರಡು ವರ್ಷದವನಿದ್ದಾಗ ಅಮ್ಮನ ಡಬ್ಬಿಯಿಂದ ಒಂದು ಬಟನ್ ನುಂಗಿದ್ದಕ್ಕೆ ಬಂದ ಬಿರುದು.

"ಅಲ್ಲಿರೋ ಕಪ್ಪೆಗೆ ತಲೆ ಸರಿ ಇಲ್ಲ ಕಣೋ."

ನಿಜ ಹೇಳಬೇಕೆಂದರೆ, ಒಂದು ಸಲ ಅವಳು ಎರಡನೇ ಲೆವೆಲ್ ತೆರೆದಿದ್ದಳು. ಅಲ್ಲಿ ಕೊಳದ ಮೇಲೆಲ್ಲ ಮಂಜು, ಕಲ್ಲೇ ಕಾಣದು. ಕಪ್ಪೆ ಒಂಬತ್ತು ಸಲ ಬುಳುಂಕ್ ಎಂದಿತು. ಟಣಟಣಿ ಮೆಲ್ಲಗೆ ಹಿಂದೆ ಬಂದು ಒಂದನೇ ಲೆವೆಲ್ ಒತ್ತಿದ್ದಳು. ಯಾರಿಗೂ ಹೇಳಿರಲಿಲ್ಲ.

ಸೋಮವಾರ ಶಾಲೆಯಲ್ಲಿ ಕಿವಿಯ ಪರೀಕ್ಷೆ, ಸ್ವರ ಕೇಳಿ ಎಷ್ಟು ಮೆಟ್ಟಿಲು ಅಂತ ಹೇಳುವುದು. ಶಾಲೆಯ ಹಾಡಿನ ತಂಡದಲ್ಲಿ ಒಂದೇ ಒಂದು ಜಾಗ ಖಾಲಿ ಇತ್ತು. ಆ ತಂಡ ಮುಂದಿನ ವಾರ ರೇಡಿಯೋದಲ್ಲಿ ಹಾಡಲಿತ್ತು. ರೇಡಿಯೋ! ಟಣಟಣಿಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

"ನನ್ನ ಕಿವಿ ನೂರಕ್ಕೆ ನೂರು ಮಿಸ್," ಎನ್ನುತ್ತಲೇ ಅವಳು ಮ್ಯೂಸಿಕ್ ರೂಮಿಗೆ ಹೋದಳು.

"ಹೌದಾ? ಕೇಳೋಣ," ಎಂದು ಮ್ಯೂಸಿಕ್ ಮಿಸ್ ಕೀಬೋರ್ಡಿಗೆ ಅಡ್ಡಲಾಗಿ ದೊಡ್ಡ ಅಟ್ಲಾಸ್ ನಿಲ್ಲಿಸಿದರು. ಎರಡು ಸ್ವರ ನುಡಿಸಿದರು.

"ಐದು ಮೆಟ್ಟಿಲು!"

"ಒಂದು," ಎಂದರು ಮಿಸ್.

ಇನ್ನೆರಡು ಸ್ವರ.

"ಆರು!"

"ಎರಡು."

"ಏಳು! ಇದು ಏಳೇ ಮಿಸ್, ನನಗೆ ಚೆನ್ನಾಗಿ ಗೊತ್ತು!"

"ಮೂರು ಕಣಮ್ಮ."

ನಾಲ್ಕನೆಯದು ಬಂತು. ಅಷ್ಟು ಎತ್ತರದ ಸ್ವರವನ್ನು ಟಣಟಣಿ ಕೇಳಿಯೇ ಇರಲಿಲ್ಲ.

"ಅದು ನಮ್ಮ ಕಪ್ಪೆ ಹತ್ತಿರ ಇಲ್ಲ ಮಿಸ್!"

ಬಾಗಿಲಲ್ಲಿ ಸಾಲಾಗಿ ನಿಂತಿದ್ದ ಮಕ್ಕಳು ಗೊಳ್ಳೆಂದು ನಕ್ಕರು. ಮಿಸ್ ನಗಲಿಲ್ಲ. ಅವಳು ಹೇಳಿದ್ದು ಒಂದು ಕಡೆ, ಸರಿ ಉತ್ತರ ಇನ್ನೊಂದು ಕಡೆ ಬರೆದು ಚೀಟಿಯನ್ನು ಕೈಗಿತ್ತರು.

"ಇದನ್ನ ಚೆನ್ನಾಗಿ ನೋಡು. ನಿನ್ನ ತಪ್ಪು ತುಂಬಾ ಮಜವಾಗಿದೆ. ಗುರುವಾರ ಇನ್ನೊಂದು ಸಲ ಬಾ."

ತಪ್ಪಿನಲ್ಲಿ ಮಜಾ ಏನು ಬಂತು, ಮಣ್ಣು! ಟಣಟಣಿ ಚೀಟಿಯನ್ನು ಮುದುಡಿ ಜೇಬಿಗೆ ತುರುಕಿದಳು. ಅವತ್ತು ಅವಳು ದಾರಿಯ ಒಂದು ಕಂಬಕ್ಕೂ ತಟ್ಟಲಿಲ್ಲ.

ಮನೆಯಲ್ಲಿ ಬಸ್ ಡ್ರೈವರ್ ಮಾವ ಹೊಸ ಶರ್ಟಿನ ಅಳತೆ ಕೊಡಲು ಬಂದಿದ್ದರು. ಅಮ್ಮನ ತುಟಿಗಳ ನಡುವೆ ಆರು ಗುಂಡುಪಿನ್ನು, ಕೈಯಲ್ಲಿ ಯಾರದೋ ಅರ್ಧ ಹೊಲಿದ ಕೋಟು.

"ಉಂ, ಉಂಉಂ," ಎಂದು ಅಮ್ಮ ಟೇಪಿನ ಕಡೆ ಗಲ್ಲ ತೋರಿಸಿದಳು. ನೀನೇ ಅಳೆದು ಬರಿ ಎಂದರ್ಥ. ಪಿನ್ನಿನ ಭಾಷೆ ಆ ಮನೆಯಲ್ಲಿ ಎಲ್ಲರಿಗೂ ಬರುತ್ತಿತ್ತು.

ಟಣಟಣಿ ಸ್ಟೂಲು ಹತ್ತಿ ಅಳೆದಳು. ತೋಳು ಮೂವತ್ತು. ಭುಜ ಇಪ್ಪತ್ನಾಲ್ಕು. ಎದೆ ನಲವತ್ತಾರು.

ಅಮ್ಮ ಪುಸ್ತಕ ನೋಡಿದಳು. ಮಾವನನ್ನು ನೋಡಿದಳು. ಒಂದೊಂದೇ ಪಿನ್ನು ತೆಗೆದು ಡಬ್ಬಿಗೆ ಹಾಕಿದಳು, ಆರೂ ಹೊರಬಂದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಭುಜ ಇಪ್ಪತ್ನಾಲ್ಕು ಇಂಚಾ! ಅಣ್ಣಾ, ನೀವು ಬಾಗಿಲಲ್ಲಿ ನೇರ ಬಂದ್ರಾ, ಅಡ್ಡಡ್ಡ ಬಂದ್ರಾ?"

"ತೋಳು ಮೂವತ್ತು ಇದ್ರೆ ಒಳ್ಳೇದೇ ಅಲ್ವೇನಮ್ಮ," ಎಂದರು ಮಾವ. "ಸ್ಟೀರಿಂಗ್ ಹಿಡ್ಕೊಂಡೇ ಹಿಂದಿನ ಸೀಟಿನವರಿಗೆ ಟಿಕೆಟ್ ಕೊಡಬಹುದು!"

"ನಾನು ಸರಿಯಾಗೇ ನೋಡಿದ್ದೆ!" ಟಣಟಣಿಯ ಕಣ್ಣಲ್ಲಿ ನೀರು. ಒಂದೇ ದಿನ ಎಷ್ಟು ಸಲ ತಪ್ಪಾಗಬೇಕು!

"ಎಲ್ಲಿ ಮುಗೀತು ಅಂತ ಸರಿಯಾಗೇ ನೋಡಿದ್ದೀಯ ಮಗಾ. ಎಲ್ಲಿಂದ ಶುರು ಅಂತ ನೋಡಿದ್ಯಾ?" ಅಮ್ಮ ಟೇಪಿನ ತುದಿ ತೋರಿಸಿದಳು. ಅಲ್ಲಿ ಸೊನ್ನೆ ಇರಲಿಲ್ಲ. ಆರು ಇತ್ತು.

ಮೇಜಿನ ಕೆಳಗೆ ಬಟನ್ ಸದ್ದಿಲ್ಲದೆ ತನ್ನ ಗೊಂಬೆ ಕರಡಿಯನ್ನು ಬೆನ್ನ ಹಿಂದೆ ಅಡಗಿಸಿದ. ಕರಡಿಯ ಸೊಂಟದಲ್ಲಿ ಹಳದಿ ಬೆಲ್ಟ್ ಇತ್ತು. ಸರಿಯಾಗಿ ಆರು ಇಂಚಿನದು.

"ಈ ಮಹಾರಾಯ ಮೊನ್ನೆ ಕತ್ತರಿಸಿದ್ದು," ಎಂದಳು ಅಮ್ಮ. "ನಾನು ಲೆಕ್ಕ ಹಾಕ್ಕೊಂಡೇ ಅಳೀತೀನಿ. ಎಲ್ಲದರಲ್ಲೂ ಆರು ಕಳೆದು ಬರಿ."

ಟಣಟಣಿ ಬಿಟ್ಟ ಕಣ್ಣು ಬಿಟ್ಟಂತೆ ಟೇಪನ್ನೇ ನೋಡಿದಳು. ಆಮೇಲೆ ಜೇಬಿನಿಂದ ಮುದುಡಿದ ಚೀಟಿ ತೆಗೆದು ಮೇಜಿನ ಮೇಲೆ ಸವರಿ ಸವರಿ ಬಿಡಿಸಿದಳು.

ಐದು, ಒಂದು. ಆರು, ಎರಡು. ಏಳು, ಮೂರು.

"ಎಲ್ಲದರಲ್ಲೂ ನಾಲ್ಕು ಜಾಸ್ತಿ! ಅಮ್ಮಾ! ಮಿಸ್ಸಿನ ಟೇಪು ನಾಲ್ಕರಿಂದ ಶುರುವಾಗಿತ್ತು!"

ಡ್ರೈವರ್ ಮಾವನಿಗೆ ತಲೆಬುಡ ಅರ್ಥವಾಗಲಿಲ್ಲ. ಆದರೂ ಚಪ್ಪಾಳೆ ತಟ್ಟಿದರು.

ಒಂದನೇ ಲೆವೆಲಿನ ಕಪ್ಪೆ ಯಾವಾಗಲೂ ಕೆಳಗಿನ ಆ ಒಂದೇ ಕಲ್ಲಿನಿಂದ ಹೊರಡುತ್ತಿತ್ತು. ಹಾಗಾಗಿ ಟಣಟಣಿ ಮೊದಲನೇ ಸ್ವರಕ್ಕೆ ಕಿವಿ ಕೊಡುವುದನ್ನೇ ಬಿಟ್ಟಿದ್ದಳು. ಎರಡನೆಯದನ್ನು ಮಾತ್ರ ಬಾಯಿಪಾಠ ಮಾಡಿಕೊಂಡು ಕಿರೀಟದ ಮೇಲೆ ಕಿರೀಟ ಗೆದ್ದಿದ್ದಳು. ಮಿಸ್ ನಾಲ್ಕು ಕಲ್ಲು ಮೇಲಿನಿಂದ ಹೊರಟಿದ್ದರು, ಅಷ್ಟೇ. ಮಂಜಿನೊಳಗಿನ ಕಪ್ಪೆಯೂ ಸಲಕ್ಕೊಂದು ಕಲ್ಲಿನಿಂದ ಹೊರಡುತ್ತಿತ್ತು.

"ಬಟನ್, ಮೊಬೈಲ್ ತಾ! ತಲೆ ಸರಿ ಇಲ್ಲದ ಕಪ್ಪೆ ಹತ್ತಿರ ಹೋಗೋಣ!"

ಇಬ್ಬರೂ ಹೊರಗಿನ ಮೆಟ್ಟಿಲ ಮೇಲೆ ಕೂತರು. ಎರಡನೇ ಲೆವೆಲ್. ಮಂಜು. ಕಪ್ಪೆ ಹಾಡಿತು.

"ನಾಲ್ಕು?"

ಬುಳುಂಕ್!

ಬಟನ್ ಬಿದ್ದು ಬಿದ್ದು ನಕ್ಕ. ಟಣಟಣಿಗೂ ನಗು ಉಕ್ಕಿತು. ಮತ್ತೆ ಬುಳುಂಕ್, ಮತ್ತೊಂದು ಬುಳುಂಕ್. ಆಮೇಲೆ ಅವಳು ಒಂದು ಉಪಾಯ ಮಾಡಿದಳು. ಕಪ್ಪೆಯ ಮೊದಲ ಸ್ವರವನ್ನು "ಮ್‌ಮ್‌ಮ್" ಎಂದು ತಾನೇ ಹಿಡಿದುಕೊಂಡಳು, ಬಟನ್ ಕೈ ಹಿಡಿದಷ್ಟು ಗಟ್ಟಿಯಾಗಿ. ಅಲ್ಲಿಂದ ಒಂದೊಂದೇ ಸ್ವರ ಗುನುಗುತ್ತಾ ಎರಡನೆಯದರ ತನಕ ಹತ್ತಿದಳು. ಅವಳು ಒಂದು ಸ್ವರ ಗುನುಗಿದರೆ ಬಟನ್ ಒಂದು ಮೆಟ್ಟಿಲು ಜಿಗಿದ. ಒಂದು ಸಲ ಕೆಳಗಿನ ಮೆಟ್ಟಿಲಿನಿಂದ, ಒಂದು ಸಲ ನಡುವಿನಿಂದ. ಎಲ್ಲಿಂದ ಜಿಗಿದರೂ ಮೂರು ಎಂದರೆ ಮೂರೇ.

ಬುಧವಾರದ ಹೊತ್ತಿಗೆ ನೂರಕ್ಕೆ ಎಪ್ಪತ್ತೊಂದು ಬಂತು. ಕಿರೀಟವಿಲ್ಲ. ಟಣಟಣಿ ಅಂಗಡಿಯ ತುಂಬ ಕುಣಿದು ದಾರದ ಡಬ್ಬಿ ಬೀಳಿಸಿದಳು.

ಗುರುವಾರ ಮಿಸ್ ಮತ್ತೆ ಅಟ್ಲಾಸ್ ನಿಲ್ಲಿಸಿದರು. ಎರಡು ಸ್ವರ ಬಂತು. ಟಣಟಣಿ ಕೂಗಲಿಲ್ಲ.

"ಮೊದಲನೇದು ಇನ್ನೊಂದು ಸಲ ಬಾರಿಸ್ತೀರಾ ಮಿಸ್?"

ಮಿಸ್ ತಲೆಯೆತ್ತಿ ನೋಡಿದರು. ಅವರ ಮುಖದಲ್ಲಿ ನಗು ಮೂಡಿತು. ಮೊದಲನೆಯದನ್ನು ಮತ್ತೆ ನುಡಿಸಿದರು.

ಹತ್ತಕ್ಕೆ ಎಂಟು. ರೇಡಿಯೋಗೆ ಹೋಗುವವರ ಪಟ್ಟಿಯ ಕೊನೆಯ ಸಾಲಿನಲ್ಲಿ ಅವಳ ಹೆಸರು ಬಿತ್ತು.

ಅವತ್ತು ಸಂಜೆ ಅಂಗಡಿಯಲ್ಲಿ ಡ್ರೈವರ್ ಮಾವನ ಶರ್ಟು ಇಸ್ತ್ರಿಯಾಗಿ ತೂಗುತ್ತಿತ್ತು. ತೋಳು ಇಪ್ಪತ್ನಾಲ್ಕೇ ಇತ್ತು. ಬಾಗಿಲ ಗಂಟೆ ಟಿಂಗ್-ಟಾಂಗ್ ಎಂದಿತು.

ಟಣಟಣಿ ಓಡಿ ಹೋಗಿ ಚಿಲಕಕ್ಕೆ ಕೈಯಿಟ್ಟವಳು ಹಾಗೇ ನಿಂತಳು. "ಮ್‌ಮ್‌ಮ್" ಎಂದು ಟಿಂಗ್ ಹಿಡಿದಳು. ಮೆಲ್ಲಗೆ ಇಳಿದಳು.

ಒಂದು. ಎರಡು. ಟಾಂಗ್.

ಎರಡೇ! ಇಷ್ಟು ದಿನ ಇದೇ ಬಾಗಿಲಲ್ಲಿ ನಿಂತು ಐದು ಐದು ಎಂದು ಕೂಗಿದ್ದಳಲ್ಲ! ಅವಳಿಗೆ ಒಳಗೊಳಗೇ ನಗು ಬಂತು.

"ಇವತ್ತು ಎಷ್ಟು ಮೆಟ್ಟಿಲಮ್ಮಾ?" ಹೊರಗಿನಿಂದ ಮಾವನ ದನಿ.

"ಇರಿ ಮಾವ," ಎಂದಳು ಟಣಟಣಿ. "ಇನ್ನೊಂದು ಸಲ ಒತ್ತಿ. ಸರಿಯಾಗಿ ಕೇಳಿ ಹೇಳ್ತೀನಿ."