ಕಳುವಾದ ಮೂರು ನೆಗ್ಗುಗಳು

ಸೋಮವಾರ ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಠಾಣೆಗೆ ಬಂದ ದೂರು ಇಷ್ಟೇ: ಕಾರು ಕಳುವಾಗಿತ್ತು, ಈಗ ತಾನಾಗಿಯೇ ವಾಪಸ್ಸು ಬಂದಿದೆ, ಆದರೆ ಅದರ ಮೈಮೇಲಿದ್ದ ಮೂರು ನೆಗ್ಗುಗಳು ಕಾಣೆಯಾಗಿವೆ.

ದೂರು ಬರೆದುಕೊಳ್ಳುತ್ತಿದ್ದ ಮುಖ್ಯಪೇದೆ ಪೆನ್ನನ್ನು ಹಾಗೇ ಗಾಳಿಯಲ್ಲಿ ಹಿಡಿದರು. ಮೂವತ್ತು ವರ್ಷದ ನೌಕರಿಯಲ್ಲಿ ಚಕ್ರ ಕಳೆದುಕೊಂಡವರನ್ನು, ಬ್ಯಾಟರಿ ಕಳೆದುಕೊಂಡವರನ್ನು ನೋಡಿದ್ದರು. ನೆಗ್ಗು ಕಳೆದುಕೊಂಡು ಬಂದವನನ್ನು ಇದೇ ಮೊದಲು ನೋಡುತ್ತಿದ್ದರು. ಸೀನಿದರೂ ಗಂಟೆ ನಿಮಿಷ ಬರೆದಿಡುವ ಸ್ವಭಾವದ ಇವರನ್ನು ಠಾಣೆಯವರೆಲ್ಲ ಗಡಿಯಾರಪ್ಪ ಎನ್ನುತ್ತಿದ್ದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯವರು ಅವರಲ್ಲ. ದೂರುದಾರನನ್ನು ನೇರವಾಗಿ ಒಳಕೋಣೆಗೆ ಕರೆದೊಯ್ದರು.

ದೂರುದಾರ ಪೀಠೋಪಕರಣದ ಅಂಗಡಿಯ ಮಾಲೀಕ. ಒಳಗೆ ಕುಳಿತಿದ್ದ ಇನ್ಸ್‌ಪೆಕ್ಟರ್ ಹೆಂಗಸು. ಅವನು ಅವಳ ತಲೆಯ ಮೇಲಿಂದ ಹಿಂದಿನ ಗೋಡೆಯನ್ನು ನೋಡಿ ಕೇಳಿದ, "ಸಾಹೇಬ್ರು ಇಲ್ವಾ?"

"ನಾನೇ. ಕೂತ್ಕೊಳ್ಳಿ."

ಈ ಠಾಣೆಗೆ ಬಂದ ಆರು ತಿಂಗಳಲ್ಲಿ ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿಸಿಕೊಂಡಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ಪ್ರತಿ ಸಲವೂ ಮೈ ಉರಿಯುತ್ತಿತ್ತು, ಪ್ರತಿ ಸಲವೂ ಅದೇ ಎರಡು ಮಾತಿನ ಉತ್ತರ ಕೊಡುತ್ತಿದ್ದಳು.

"ಕಾರು ಯಾವುದು?"

"ಅರವತ್ತು ವರ್ಷದ ಹಳೇದು ಮೇಡಂ. ಕಡುಹಸಿರು ಬಣ್ಣ. ಕಂಪನಿ ಹಾಕಿದ ಮೂಲ ಬಣ್ಣ."

"ಯಾವಾಗ ಹೋಯ್ತು?"

"ಶುಕ್ರವಾರ ಸಂಜೆ ಊರಿಗೆ ಹೋದೆ. ಇವತ್ತು ಬೆಳಿಗ್ಗೆ ಬಂದು ನೋಡಿದರೆ ಕಾರು ಶೆಡ್ಡಲ್ಲೇ ಇದೆ. ಆದ್ರೆ ಮೀಟರು ಹನ್ನೊಂದು ಕಿಲೋಮೀಟರ್ ಮುಂದೆ ಓಡಿದೆ. ಬಾಗಿಲ ಮೇಲೆ ಎರಡು, ಮಡ್‌ಗಾರ್ಡ್ ಮೇಲೆ ಒಂದು ನೆಗ್ಗು ಇತ್ತು. ಈಗ ಒಂದೂ ಇಲ್ಲ."

"ಒಳ್ಳೇದೇ ಆಯ್ತಲ್ಲ?"

"ಒಳ್ಳೇದಾ?" ಅವನಿಗೆ ಸಿಟ್ಟು ಬಂತು. "ಇವತ್ತು ನೆಗ್ಗು ತೆಗೆದೋನು ನಾಳೆ ಕಾರನ್ನೇ ತೆಗೀತಾನೆ. ನಾಳೆ ಅದನ್ನ ಪೂರ್ತಿ ಉಜ್ಜಿಸಿ ಕೆಂಪು ಬಣ್ಣ ಹೊಡಿಸ್ಬೇಕು ಅಂತಿದ್ದೆ."

ಆ ಮಾತಿನಲ್ಲಿ ನ್ಯಾಯವಿತ್ತು. ಹತ್ತು ಹದಿನೈದಕ್ಕೆ ಎಫ್‌ಐಆರ್ ದಾಖಲಾಯಿತು: ಅಕ್ರಮ ಪ್ರವೇಶ, ಮಾಲೀಕನ ಒಪ್ಪಿಗೆಯಿಲ್ಲದೆ ವಾಹನ ಒಯ್ದಿದ್ದು.

ಹನ್ನೊಂದೂಕಾಲಿಗೆ ಶೆಡ್ಡಿನಲ್ಲಿ ಪಂಚನಾಮೆ. ಬೀಗ ಒಡೆದಿರಲಿಲ್ಲ. ಶೆಡ್ಡಿನದು, ಕಾರಿನದು, ಕೀಲಿ ಎರಡೂ ಕರೆಂಟಿನ ಮೀಟರು ಪೆಟ್ಟಿಗೆಯ ಹಿಂದಿನ ಮೊಳೆಯಲ್ಲಿ ತೂಗುತ್ತಿದ್ದವು.

"ಈ ಮೊಳೆ ವಿಷಯ ಯಾರಿಗೆಲ್ಲ ಗೊತ್ತು?"

"ನನಗೆ, ನನ್ನ ಹೆಂಡತಿಗೆ. ಇನ್ಯಾರಿಗೂ ಇಲ್ಲ. ಹೋದ ತಿಂಗಳು ಸೀಟು ಹೊಲಿಯೋ ಹೆಂಗಸು ಬಂದಿದ್ಲು, ಅವಳನ್ನೇನು ಲೆಕ್ಕಕ್ಕೆ ಹಿಡಿಯೋದು ಬಿಡಿ."

ಇನ್ಸ್‌ಪೆಕ್ಟರ್ ಬಾಗಿಲ ಮೇಲೆ ಕೈಯಾಡಿಸಿದಳು. ಅರವತ್ತು ವರ್ಷದ ಬಣ್ಣ ಕನ್ನಡಿಯಂತಿತ್ತು. ಹೊಸ ಬಣ್ಣದ ವಾಸನೆಯಿಲ್ಲ, ಗುಳಿ ತುಂಬುವ ಪುಟ್ಟಿಯ ಗುರುತಿಲ್ಲ. ನೆಗ್ಗು ಎಂದೂ ಇರಲೇ ಇಲ್ಲ ಎನ್ನುವಂತಿತ್ತು, ಆದರೆ ಮಾಲೀಕನ ಹಳೆಯ ಫೋಟೋಗಳಲ್ಲಿ ಮೂರೂ ಸ್ಪಷ್ಟವಾಗಿ ಕಾಣುತ್ತಿದ್ದವು. ಕಾರನ್ನು ಜಪ್ತಿ ಮಾಡಿ ಠಾಣೆಯ ಅಂಗಳಕ್ಕೆ ತರಿಸಿದಳು. ಕೆಂಪು ಬಣ್ಣ ಮುಂದಕ್ಕೆ ಹೋಯಿತೆಂದು ಮಾಲೀಕ ಕೂಗಾಡಿದ. ಅವಳು ರಸೀದಿ ಕೊಟ್ಟು ಕಳಿಸಿದಳು.

ಹನ್ನೊಂದು ಕಿಲೋಮೀಟರ್ ಎಂದರೆ ಹೋಗಲು ಐದೂವರೆ, ಬರಲು ಐದೂವರೆ. ಅಷ್ಟು ದೂರದೊಳಗೆ ಏಳು ಗ್ಯಾರೇಜುಗಳಿದ್ದವು. ಮಂಗಳವಾರ, ಬುಧವಾರ ಏಳೂ ಗ್ಯಾರೇಜಿನವರನ್ನು ಕರೆಸಿ ಕಾರು ತೋರಿಸಿದ್ದಾಯಿತು. ಒಬ್ಬೊಬ್ಬರೂ ಸೊಂಟದ ಮೇಲೆ ಕೈಯಿಟ್ಟು ನಿಂತರು, ತಲೆಯಾಡಿಸಿದರು.

"ಬಣ್ಣ ಮುಟ್ಟದೆ ನೆಗ್ಗು ತೆಗೆಯೋಕೆ ಆಗುತ್ತಾ?" ಎಂದು ಅವಳು ಕೇಳಿದಳು.

"ಸಾಧ್ಯವೇ ಇಲ್ಲ ಮೇಡಂ. ಬಡಿಯಬೇಕು, ಪುಟ್ಟಿ ತುಂಬಬೇಕು, ಬಣ್ಣ ಹೊಡೀಬೇಕು," ಎಂದ ಒಬ್ಬ.

"ಈ ಊರಲ್ಲಿ ಯಾರೂ ಮಾಡಲ್ಲ," ಎಂದ ಇನ್ನೊಬ್ಬ, ಕೇಳುವ ಮೊದಲೇ.

ಮೂರನೆಯವನ ಮಾತು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಿತ್ತು: "ಆಗಬಹುದೇನೋ, ಆಗದೆಯೂ ಇರಬಹುದು. ನಮಗ್ಯಾಕೆ ಮೇಡಂ?"

ಏಳೂ ಜನ ಹೋದ ಮೇಲೆ ಗಡಿಯಾರಪ್ಪ ಪುಸ್ತಕ ಮುಚ್ಚಿದರು. "ಮೇಡಂ, ಬೆವರು ನೋಡಿದ್ರಾ? ಕುಂಬಳಕಾಯಿ ಕಳ್ಳ ಅಂದ್ರೆ ಏಳೂ ಜನ ಹೆಗಲು ಮುಟ್ಟಿಕೊಂಡ ಹಾಗಿತ್ತು."

"ಏಳೂ ಜನ ಸೇರಿ ಒಂದು ಕಾರಿನ ನೆಗ್ಗು ತೆಗೆದ್ರು ಅಂತೀರಾ?"

"ಅದು ಗೊತ್ತಿಲ್ಲ. ಬಾಗಿಲ ಒಳಗಡೆ ನೋಡಿದ್ರೆ ಏನಾದ್ರೂ ಸಿಗಬಹುದು. ಲೈನಿಂಗ್ ಬಿಚ್ಚೋಕೆ ಸೀಟಕ್ಕನ್ನ ಕರೆಸೋಣ. ಆ ಕೆಲಸ ಅವಳಷ್ಟು ನಾಜೂಕಾಗಿ ಯಾರೂ ಮಾಡಲ್ಲ."

ಸೀಟಕ್ಕ ಎಂದರೆ ಕಾರಿನ ಸೀಟು ಹೊಲಿಯುವ, ಐವತ್ತರ ಆಸುಪಾಸಿನ ಹೆಂಗಸು. ಗ್ಯಾರೇಜುಗಳ ಬೀದಿಯಲ್ಲಿ ಎಲ್ಲರಿಗೂ ಅಕ್ಕ. ಗುರುವಾರ ಬೆಳಿಗ್ಗೆ ಹನ್ನೊಂದು ಐದಕ್ಕೆ, ಕೊರಳಲ್ಲಿ ಅಳತೆಪಟ್ಟಿ ಹಾಕಿಕೊಂಡೇ ಬಂದಳು.

"ಈ ಬಾಗಿಲ ಒಳಗಿನ ಲೈನಿಂಗ್ ಬಿಚ್ಚಿಕೊಡಿ," ಎಂದಳು ಇನ್ಸ್‌ಪೆಕ್ಟರ್.

ಸೀಟಕ್ಕ ಲೈನಿಂಗಿನ ಕಡೆಗೆ ಹೋಗಲಿಲ್ಲ. ಬಾಗಿಲ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತಳು. ಕೆನ್ನೆಯನ್ನು ತಗಡಿಗೆ ತಾಗಿಸುವಷ್ಟು ಹತ್ತಿರ ತಂದು, ಒಂದು ಕಣ್ಣು ಮುಚ್ಚಿ, ಅಡ್ಡಲಾಗಿ ನೋಡಿದಳು. ವರಾಂಡದ ಟ್ಯೂಬ್‌ಲೈಟಿನ ಬೆಳಕು ಬಾಗಿಲ ಉದ್ದಕ್ಕೂ ಗೆರೆಯಾಗಿ ಬಿದ್ದಿತ್ತು. ಅವಳ ಹುಬ್ಬು ಗಂಟಿಕ್ಕಿತು.

"ಯಾರ್ರೀ ಇದಕ್ಕೆ ಸೈಕಲ್ ಒರಗಿಸಿದ್ದು?"

ಅಂಗಳದಲ್ಲಿದ್ದ ಪೇದೆಯೊಬ್ಬ ತನ್ನ ಸೈಕಲ್ಲನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದ.

"ನೋಡಿ ಇಲ್ಲಿ! ಹ್ಯಾಂಡಲ್ ತಾಗಿ ಹೆಸರುಕಾಳಿನಷ್ಟು ನೆಗ್ಗಿದೆ. ಭಾನುವಾರ ಇದು ಇರ್ಲಿಲ್ಲ! ಕಣ್ಣಿಗೆ ಎಣ್ಣೆ ಬಿಟ್ಕೊಂಡು ಎರಡು ದಿನ ಕೂತು ಮಾಡಿದ್ದು..."

ಮಾತು ಅಲ್ಲಿಗೇ ನಿಂತಿತು. ಗಡಿಯಾರಪ್ಪ ಗೋಡೆಯ ಗಡಿಯಾರ ನೋಡಿ ಹನ್ನೊಂದು ಒಂಬತ್ತು ಎಂದು ಬರೆದುಕೊಂಡರು.

ಇನ್ಸ್‌ಪೆಕ್ಟರಿಗೆ ಮೊದಲು ಬಂದದ್ದು ನಾಚಿಕೆ. ಮೊಳೆಯ ವಿಷಯ ಗೊತ್ತಿದ್ದವರಲ್ಲಿ ಈಕೆಯೂ ಒಬ್ಬಳೆಂದು ಸೋಮವಾರವೇ ಕಿವಿಗೆ ಬಿದ್ದಿತ್ತು. ಅಂಗಡಿ ಮಾಲೀಕ ಲೆಕ್ಕಕ್ಕೆ ಹಿಡಿಯಲಿಲ್ಲ, ಸರಿ. ತಾನೂ ಹಿಡಿದಿರಲಿಲ್ಲ.

"ಭಾನುವಾರ ಈ ಕಾರನ್ನ ಎಲ್ಲಿ ನೋಡಿದ್ರಿ?"

ಸುಳ್ಳು ಹೇಳಲು ದಾರಿಯಿತ್ತು. ಹೋದ ತಿಂಗಳು ಸೀಟು ಹಾಕುವಾಗ ನೋಡಿದ್ದೆ, ಬಾಯಿತಪ್ಪಿ ಭಾನುವಾರ ಎಂದೆ ಎನ್ನಬಹುದಿತ್ತು. ಸೀಟಕ್ಕ ಎದ್ದು ನಿಂತು ಸೆರಗಿನಿಂದ ಕೈ ಒರೆಸಿಕೊಂಡಳು.

"ನನ್ನ ಅಂಗಡೀಲಿ. ನೆಗ್ಗು ತೆಗೆದೋಳು ನಾನೇ. ಬರ್ಕೊಳ್ಳಿ."

"ಒಯ್ದಿದ್ದು ಯಾವಾಗ?"

"ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ. ಹಾಡುಹಗಲೇ. ಬೀದಿಯವರೆಲ್ಲ ನೋಡಿದ್ರು, ಸೀಟಿನ ಕೆಲಸಕ್ಕೆ ಅಂದ್ಕೊಂಡ್ರು."

"ವಾಪಸ್ಸು?"

"ಭಾನುವಾರ ಸಂಜೆ ಐದಕ್ಕೆ."

"ಜೊತೆಗೆ ಯಾರಿದ್ರು?"

"ಈ ಕೆಲಸಕ್ಕೆ ಜೊತೆ ಬೇಕಿಲ್ಲ."

ಮಧ್ಯಾಹ್ನ ಒಂದೂವರೆಗೆ ಅವಳ ಅಂಗಡಿಯ ಪಂಚನಾಮೆ ನಡೆಯಿತು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ರೆಕ್ಸಿನ್ ಸುರುಳಿಗಳು. ಹಿಂದಿನ ಕೋಣೆಯಲ್ಲಿ ಒಂದು ಟ್ಯೂಬ್‌ಲೈಟು, ಕೂದಲು ಒಣಗಿಸುವ ಯಂತ್ರ, ತುದಿಗೆ ಚರ್ಮ ಸುತ್ತಿದ ಒಂಬತ್ತು ಸಲಾಕೆಗಳು. ಬಾಗಿಲ ಒಳಗಿನಿಂದ ಸಲಾಕೆ ತೂರಿಸಿ, ಹೊರಗೆ ಬೆಳಕಿನ ಗೆರೆ ನೋಡುತ್ತ, ಉಗುರಿನಷ್ಟಗಲ ಒತ್ತಿ ಒತ್ತಿ ತಗಡನ್ನು ಹಳೆಯ ಜಾಗಕ್ಕೆ ತರುತ್ತೇನೆ ಎಂದಳು. ಹಳೆಯ ಬಣ್ಣ ಮುದುಕರ ಮೂಳೆಯಂತೆ, ಬಿಸಿ ಕೊಟ್ಟೇ ಬಗ್ಗಿಸಬೇಕು, ಆತುರಪಟ್ಟರೆ ಚಟ್ಟೆಂದು ಒಡೆಯುತ್ತದೆ ಎಂದಳು.

ಗೋಡೆಗೆ ಒರಗಿಸಿದ ಬೇರೆ ಕಾರುಗಳ ಬಾಗಿಲು, ಬಾನೆಟ್ಟು ಏಳೆಂಟು ಇದ್ದವು. ಒಂದೊಂದರ ಮೇಲೂ ಸೀಮೆಸುಣ್ಣದಲ್ಲಿ ಗ್ಯಾರೇಜಿನ ಗುರುತು. ಇನ್ಸ್‌ಪೆಕ್ಟರ್ ಎಣಿಸಿದಳು. ಏಳೂ ಗ್ಯಾರೇಜುಗಳ ಗುರುತು ಅಲ್ಲಿತ್ತು.

"ಈ ಕೆಲಸ ಮಾಡೋರು ಗೊತ್ತೇ ಇಲ್ಲ ಅನ್ನೋ ಹಾಗೆ ಏಳೂ ಜನ ನನ್ನ ಮುಂದೆ ಮಾತಾಡಿದ್ರು."

"ಇನ್ನೇನು ಹೇಳ್ತಾರೆ?" ಸೀಟಕ್ಕ ನಕ್ಕಳು. "ಹಿಂದಿನ ಬಾಗಿಲಿಂದ ತಂದು ಕೊಡ್ತಾರೆ, ಹಿಂದಿನ ಬಾಗಿಲಿಂದ ಒಯ್ತಾರೆ. ಗಿರಾಕಿ ಮುಂದೆ ನಮ್ಮ ಹುಡುಗರು ಮಾಡಿದ್ದು ಅಂತಾರೆ. ಇಪ್ಪತ್ತೆರಡು ವರ್ಷ ಆಯ್ತು. ಒಂದು ಬೋರ್ಡು ಹಾಕ್ಕೊಳ್ತೀನಿ ಅಂದೆ. ಹೆಂಗಸು ಮುಟ್ಟಿದ್ದು ಅಂತ ಗೊತ್ತಾದ್ರೆ ಗಿರಾಕಿ ಓಡಿಹೋಗ್ತಾನೆ, ಹಾಕಿದ್ರೆ ಕೆಲಸ ಕೊಡಲ್ಲ ಅಂದ್ರು."

"ಕಾರಿನ ಮಾಲೀಕರನ್ನ ಕೇಳಬಹುದಿತ್ತಲ್ಲ?"

"ಕೇಳ್ದೆ. ಇಂಥಾ ಬಣ್ಣ ಇನ್ನು ಹುಟ್ಟಲ್ಲ, ಉಜ್ಜಿಸಬೇಡಿ, ನಾನು ತೆಗೆದುಕೊಡ್ತೀನಿ, ಇಷ್ಟ ಆಗದಿದ್ರೆ ಬೈಯಿರಿ ಅಂದೆ. ನೀನು ಸೀಟು ನೋಡ್ಕೋ ಅಂದ್ರು. ಮಂಗಳವಾರ ಉಜ್ಜೋಕೆ ಹೋಗುತ್ತೆ ಅಂತ ಗೊತ್ತಾಯ್ತು. ಕೈಯಲ್ಲಿ ವಿದ್ಯೆ ಇಟ್ಕೊಂಡು ಸುಮ್ನೆ ನೋಡ್ತಾ ಕೂತ್ಕೊಳ್ಳಲಾ?"

ಸಂಜೆ ನಾಲ್ಕಕ್ಕೆ ಮಾಲೀಕ ಠಾಣೆಗೆ ಬಂದ. ವಿಷಯ ಕೇಳಿ ಅವನ ಮುಖ ಹುಳ್ಳಗಾಯಿತು. ಅಂಗಳಕ್ಕೆ ಹೋಗಿ ಬಾಗಿಲನ್ನು ಮತ್ತೊಮ್ಮೆ ಸವರಿ ನೋಡಿದ. ಕೆಟ್ಟವನೇನಲ್ಲ, ಆದರೆ ಸೋಲುವುದು ಅಭ್ಯಾಸವಿರಲಿಲ್ಲ.

"ಹೋಗ್ಲಿ ಮೇಡಂ. ಗೊತ್ತಾಗದೆ ತಪ್ಪು ಮಾಡಿದೆ ಅಂತ ಒಂದು ಮಾತು ಬರೆದುಕೊಡಲಿ. ನಾನು ಕೇಸು ಮುಂದುವರಿಸಲ್ಲ."

ಇನ್ಸ್‌ಪೆಕ್ಟರ್ ಒಳಗೆ ಬಂದು, ಅಲ್ಲಿ ಕುಳಿತಿದ್ದ ಸೀಟಕ್ಕನ ಮುಂದೆ ಬಿಳಿ ಹಾಳೆ ಇಟ್ಟಳು. ಅವಳು ಬರೆಯಲಿ ಎಂದು ಮನಸಾರೆ ಬಯಸಿದಳು. ಅದನ್ನು ಬಾಯಿಬಿಟ್ಟು ಹೇಳಿಯೂ ಬಿಟ್ಟಳು: "ಅಕ್ಕ, ಒಂದೇ ಸಾಲು. ಬರೆದು ಮನೆಗೆ ಹೋಗಿ."

"ಏನಂತ?"

"ಗೊತ್ತಾಗದೆ ಮಾಡಿದೆ ಅಂತ."

"ಗೊತ್ತಿದ್ದೇ ಮಾಡಿದ್ದು," ಎಂದಳು ಸೀಟಕ್ಕ. "ಕೇಳದೆ ಒಯ್ದಿದ್ದು ತಪ್ಪು. ಅದಕ್ಕೆ ಏನು ಶಿಕ್ಷೆ ಇದೆಯೋ ಕೊಡಿ. ಆದ್ರೆ ಗೊತ್ತಾಗದೆ ಅಂತ ಮಾತ್ರ ಬರೆಯಲ್ಲ. ಈ ಊರಲ್ಲಿ ಈ ಕೆಲಸ ಗೊತ್ತಿರೋಳು ನಾನೊಬ್ಬಳೇ."

ಬಾಗಿಲಲ್ಲಿ ನಿಂತಿದ್ದ ಮಾಲೀಕನಿಗೆ ಇದು ಕೇಳಿಸಿತು. ಅವನು ಹೊರಟುಹೋದ. ದೂರು ಹಾಗೆಯೇ ಉಳಿಯಿತು.

ನಾಲ್ಕು ಇಪ್ಪತ್ತೈದಕ್ಕೆ ಬಂಧನ. ಜಾಮೀನು ಸಿಗುವ ಪ್ರಕರಣವೆಂದು ಇನ್ಸ್‌ಪೆಕ್ಟರ್ ತಿಳಿಸಿದಳು. ಗಡಿಯಾರಪ್ಪ ನಮೂನೆ ತುಂಬಿದರು: ವಯಸ್ಸು, ವಿಳಾಸ, ಉದ್ಯೋಗ. ಸಹಿಗೆಂದು ಹಾಳೆಯನ್ನು ಅವಳ ಕಡೆ ತಿರುಗಿಸಿದರು. ಸೀಟಕ್ಕ ಪೆನ್ನು ಮುಟ್ಟಲಿಲ್ಲ.

"ಓದಿ ಹೇಳಿ."

ಅವರು ಓದಿದರು. "ಉದ್ಯೋಗ: ಸೀಟು ಹೊಲಿಗೆ."

"ಅದು ತಪ್ಪು."

"ನೀವು ಸೀಟು ಹೊಲಿಯೋದು ಸುಳ್ಳಾ?"

"ಸುಳ್ಳಲ್ಲ. ಆದ್ರೆ ನೀವು ಹಿಡಿದಿರೋದು ಸೀಟು ಹೊಲಿದಿದ್ದಕ್ಕಲ್ಲ. ಯಾವ ಕೆಲಸಕ್ಕೆ ಹಿಡಿದ್ರೋ ಅದನ್ನ ಬರೀರಿ. ಇಲ್ದಿದ್ರೆ ಸಹಿ ಹಾಕಲ್ಲ. ಬೆಳಗಿನವರೆಗೂ ಕೂರ್ತೀನಿ."

ಮುಖ್ಯಪೇದೆ ಮೇಡಂ ಮುಖ ನೋಡಿದರು. ಸರ್ಕಾರಿ ನಮೂನೆಯಲ್ಲಿ ಹೊಡೆದುಹಾಕಿ ಬರೆಯುವುದು ಅವರ ಜಾಯಮಾನಕ್ಕೆ ಒಗ್ಗದು.

"ಅವರು ಹೇಳಿದ ಹಾಗೆ ಬರೀರಿ," ಎಂದಳು ಇನ್ಸ್‌ಪೆಕ್ಟರ್.

ಗಡಿಯಾರಪ್ಪ ಗೆರೆ ಎಳೆದು, ಮೇಲೆ ಬರೆದರು: ಕಾರಿನ ನೆಗ್ಗು ತೆಗೆಯುವ ಕೆಲಸ, ಇಪ್ಪತ್ತೆರಡು ವರ್ಷದ ಅನುಭವ. ತಿದ್ದಿದ್ದಕ್ಕೆ ತಮ್ಮ ಸಹಿ ಹಾಕಿ ಪಕ್ಕದಲ್ಲಿ ನಾಲ್ಕು ಮೂವತ್ತೆಂಟು ಎಂದು ಬರೆದರು. ಸೀಟಕ್ಕ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಆ ಒಂದು ಸಾಲನ್ನು ಎರಡು ಸಲ ಓದಿದಳು.

"ಇದರ ಒಂದು ಪ್ರತಿ ನನಗೆ ಕೊಡ್ತೀರಾ?"

"ಕಾನೂನು ಪ್ರಕಾರ ಕೊಡಲೇಬೇಕು," ಎಂದಳು ಇನ್ಸ್‌ಪೆಕ್ಟರ್.

"ಹಾಗಿದ್ರೆ ಮೊಹರು ಸರಿಯಾಗಿ ಒತ್ತಿಸಿ ಕೊಡಿ. ಅಂಗಡಿ ಮುಂದೆ ಹಾಕ್ಬೇಕು," ಎಂದು ಸೀಟಕ್ಕ ಪೆನ್ನು ಎತ್ತಿಕೊಂಡಳು.